ರೆಫರೆನ್ಸ್ ಪುಟದಲ್ಲಿ ‘ಗೂಗಲ್’ ಅಂತ ಬರೆದರೆ ಆಯಿತೇ?

ಸಂಪಾದಕರಿಗೆ ನಮಸ್ಕಾರ.

ಸಾಗರದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. 17 ವರ್ಷವಾಯಿತು. ಅಡ್ಮಿಷನ್ ಮತ್ತು ಪರೀಕ್ಷೆ ಸಮಯ ಬಿಟ್ಟರೆ ನನ್ನ ವ್ಯಾಪಾರ ನಿಂತಿರುವುದೇ ಕಾಲೇಜು ಮಕ್ಕಳ ಅಸೈನ್‌ಮೆಂಟ್ ಮೇಲೆ. ನಾಳೆ ಕೊನೇ ದಿನ ಅಂದರೆ ಇವತ್ತು ಸಂಜೆ ಅಂಗಡಿ ಮುಂದೆ ಕೊಡೆಗಳ ಸಾಲು. ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಕಳಿಸುತ್ತಾರೆ, ನಾನು ಪ್ರಿಂಟ್ ತೆಗೆದು ಸ್ಪೈರಲ್ ಹಾಕಿ ಕೊಡುತ್ತೇನೆ. ಸ್ಪೈರಲ್ ಹಾಕುವವನ ಕಣ್ಣು ಬೀಳುವುದು ಎರಡೇ ಕಡೆ. ಮೊದಲ ಪುಟ, ಕೊನೇ ಪುಟ. ಮೊದಲ ಪುಟದಲ್ಲಿ ಹೆಸರು, ರಿಜಿಸ್ಟರ್ ನಂಬರ್. ಕೊನೇ ಪುಟದಲ್ಲಿ ರೆಫರೆನ್ಸ್, ಅಂದರೆ ವಿಷಯ ಎಲ್ಲಿಂದ ತೆಗೆದುಕೊಂಡರು ಅನ್ನುವ ಪಟ್ಟಿ. ಈ ಕಾಗದ ಬರೆಯುತ್ತಿರುವುದು ಆ ಕೊನೇ ಪುಟದ ಬಗ್ಗೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಡಿಗ್ರಿ ಓದುವ ಹುಡುಗಿಯೊಬ್ಬಳು ಬಂದಳು. ಊರು ಸೊರಬದ ಕಡೆ. 18 ಪುಟದ ಅಸೈನ್‌ಮೆಂಟ್, ವಿಷಯ ಮಂಗನ ಕಾಯಿಲೆ. ಕೊನೇ ಪುಟ ನೋಡಿದೆ. ಒಂದು, ಗೂಗಲ್. ಎರಡು, ವಿಕಿಪೀಡಿಯ. ಮೂರು, ಯೂಟ್ಯೂಬ್. ಅಷ್ಟೇ. ನನಗೆ ತಡೆಯಲಾಗಲಿಲ್ಲ. ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ಹೆಸರು ಬಂದಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ, 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಅದು ಮೊದಲು ಗೊತ್ತಾಗಿದ್ದು. ‘ನಿಮ್ಮ ಊರಿನ ಕಾಯಿಲೆಗೆ ಯೂಟ್ಯೂಬ್ ಸಾಕ್ಷಿನಾ ಮಾರಾಯ್ತಿ?’ ಅಂದೆ. ನಕ್ಕಳು. ‘ಸರ್ ಅದೆಲ್ಲ ನೋಡಲ್ಲ ಅಣ್ಣಾ, ಪುಟ ಎಣಿಸ್ತಾರೆ ಅಷ್ಟೆ’ ಅಂದಳು.

ಪುಟ ಜಾಸ್ತಿ ಆದರೆ ನನಗೇ ಲಾಭ, ಸುಮ್ಮನಿರಬಹುದಿತ್ತು. ಆದರೆ ಈಗ ಇನ್ನೊಂದು ಶುರುವಾಗಿದೆ. ಎಐಗೆ ಕೇಳಿ ರೆಫರೆನ್ಸ್ ಪಟ್ಟಿ ತರುತ್ತಾರೆ. ನೋಡಲು ಬಹಳ ಚೆಂದ. ಲೇಖಕರ ಹೆಸರು, ವರ್ಷ, ಜರ್ನಲ್ಲು (ಸಂಶೋಧನಾ ಲೇಖನ ಛಾಪಿಸುವ ಪತ್ರಿಕೆ), ಸಂಪುಟ, ಪುಟಸಂಖ್ಯೆ, ಎಲ್ಲ ಸಾಲಾಗಿ ಕೂತಿರುತ್ತವೆ. ಅಡಿಕೆ ಧಾರಣೆ ಬಗ್ಗೆ ಬರೆದಿದ್ದ ಒಬ್ಬ ಹುಡುಗನ ಪಟ್ಟಿಯಲ್ಲಿ ಎಂಟು ಲೇಖನ ಇದ್ದವು. ಅಂಗಡಿ ಖಾಲಿ ಇತ್ತು, ಹೊರಗೆ ಮಳೆ, ಕುತೂಹಲಕ್ಕೆ ಹುಡುಕುತ್ತಾ ಕೂತೆ. ಮೊದಲನೆಯದರ ಜರ್ನಲ್ ನಿಜವಾಗಿಯೂ ಇದೆ. ಆ ವರ್ಷದ ಸಂಚಿಕೆಯೂ ಇದೆ. ಆದರೆ ಅವನು ಕೊಟ್ಟ ಪುಟದಲ್ಲಿ ಇರುವುದು ಬೇರೆ ಯಾರೋ ಬೇರೆ ಯಾವುದೋ ಬೆಳೆಯ ಬಗ್ಗೆ ಬರೆದ ಲೇಖನ! ಎರಡನೆಯದಕ್ಕೆ ಡಿಒಐ ನಂಬರ್ ಕೊಟ್ಟಿದ್ದ. ಈ ಡಿಒಐ ಅನ್ನುವುದು ಒಂಥರಾ ಲೇಖನದ ಆಧಾರ್ ಕಾರ್ಡು, ಡಿಒಐ ಡಾಟ್ ಆರ್ಗ್ ಅನ್ನುವ ತಾಣದಲ್ಲಿ ಆ ನಂಬರ್ ಹಾಕಿದರೆ ಲೇಖನ ಇರುವ ಜಾಗಕ್ಕೇ ಕರೆದುಕೊಂಡು ಹೋಗುತ್ತದೆ. ಇವನದು ಹಾಕಿದರೆ ಅಂಥ ನಂಬರೇ ಇಲ್ಲ ಅಂತ ಬಂತು. ಎಂಟರಲ್ಲಿ ಒಂದೂ ಸಿಗಲಿಲ್ಲ. ಹುಡುಗ ಪೆಚ್ಚಾದ. ಮೋಸ ಮಾಡಬೇಕು ಅಂತ ಮಾಡಿದವನಲ್ಲ ಅವನು, ಅವು ಇವೆ ಅಂತಲೇ ನಂಬಿದ್ದ. ಗೂಗಲ್ ಅಂತ ಬರೆದವಳು ಎಷ್ಟೋ ವಾಸಿ ಅಲ್ವಾ? ಅವಳು ಸುಳ್ಳಂತೂ ಹೇಳಿರಲಿಲ್ಲ.

ಇದನ್ನೆಲ್ಲ ನಾನು ಯಾಕೆ ತಲೆಗೆ ಹಚ್ಚಿಕೊಂಡೆ ಅಂದರೆ, ಅದಕ್ಕೆ ಕಾರಣ ಒಬ್ಬರು ಲೈಬ್ರರಿಯನ್ ಮೇಡಂ. ರಿಜಿಸ್ಟರ್ ಜೆರಾಕ್ಸ್ ಮಾಡಿಸಲು ಬಂದಿದ್ದರು, ಕರೆಂಟ್ ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ, ಕೂರುವುದು ಅಷ್ಟೆ. ಟೀ ತರಿಸಿದೆ. ಮಾತಿಗೆ ಮಾತು ಬಂದು ಈ ಗೂಗಲ್ ಪುರಾಣ ಹೇಳಿದೆ. ಅವರು ನಗಲಿಲ್ಲ. ‘ಇವರಿಗೆಲ್ಲ ಲಾಗಿನ್ ಇದೆ, ಒಬ್ಬರೂ ಕೇಳಿಕೊಂಡು ಬರುವುದಿಲ್ಲ’ ಅಂದರು.

ಯಾವ ಲಾಗಿನ್ ಅಂತ ಕೇಳಿದೆ. ಅವರು ಹೇಳಿದ್ದನ್ನು ನಿಮ್ಮ ಓದುಗರಿಗೂ ಹೇಳುತ್ತೇನೆ, ಮಕ್ಕಳನ್ನು ಕಾಲೇಜಿಗೆ ಕಳಿಸುವ ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿಕ್ಕಿಲ್ಲ. ಗುಜರಾತಿನ ಗಾಂಧಿನಗರದಲ್ಲಿ, ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಅಂತ ಒಂದು ಕೇಂದ್ರ ಇದೆ. ಅದು 2010ರಿಂದ ಎನ್-ಲಿಸ್ಟ್ ಅನ್ನುವ ಯೋಜನೆ ನಡೆಸುತ್ತಿದೆ. ಕಾಲೇಜು ವರ್ಷಕ್ಕಿಷ್ಟು ಅಂತ ಕಟ್ಟಿದರೆ ಅಲ್ಲಿನ ವಿದ್ಯಾರ್ಥಿಗಳಿಗೂ ಮೇಷ್ಟರುಗಳಿಗೂ ಸಾವಿರಾರು ಜರ್ನಲ್ಲು, ಲಕ್ಷಕ್ಕೂ ಹೆಚ್ಚು ಇ-ಪುಸ್ತಕ ತೆರೆದುಕೊಳ್ಳುತ್ತವೆ. ಮನೆಯಿಂದಲೂ ಓದಬಹುದು. ಇದರ ಮೇಲೆ 2025ರ ಜನವರಿಯಿಂದ ಕೇಂದ್ರ ಸರ್ಕಾರ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಅಂತ ಶುರು ಮಾಡಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ. ಅಂದರೆ ಸರ್ಕಾರಿ ಕಾಲೇಜಿನ ಮಕ್ಕಳು, ವಿಶ್ವವಿದ್ಯಾಲಯದ ಮಕ್ಕಳು ಎಲ್ಲ ಬಂದರು. ಖಾಸಗಿ ಕಾಲೇಜುಗಳು ಇದರಲ್ಲಿ ಇಲ್ಲ, ಅದು ಬೇರೆ ಜಗಳ.

6,000 ಕೋಟಿ! ನಾನು ಕಟ್ಟುವ ಜಿಎಸ್‌ಟಿಯೂ ಅದರಲ್ಲಿದೆ ಅಂತ ಇಟ್ಟುಕೊಳ್ಳಿ. ಅಷ್ಟು ದುಡ್ಡು ಕೊಟ್ಟು ಬಾಗಿಲು ತೆಗೆಸಿದ್ದಾರೆ. ನಮ್ಮೂರ ಹುಡುಗಿ ಆ ಬಾಗಿಲ ಪಕ್ಕದಲ್ಲೇ ನಿಂತು ರೆಫರೆನ್ಸ್‌ನಲ್ಲಿ ಯೂಟ್ಯೂಬ್ ಅಂತ ಬರೆಯುತ್ತಾಳೆ.

ಲಾಗಿನ್ ಯಾಕೆ ಬಳಸುವುದಿಲ್ಲ ಅನ್ನುವುದಕ್ಕೆ ಮೇಡಂ ಹೇಳಿದ ಕಾರಣ ಕೇಳಿ ನನಗೆ ಸ್ವಲ್ಪ ನಾಚಿಕೆಯೂ ಆಯಿತು. ಪಾಸ್‌ವರ್ಡ್ ಹೋಗುವುದು ವಿದ್ಯಾರ್ಥಿಯ ಇಮೇಲ್‌ಗೆ. ಆ ಇಮೇಲ್ ಐಡಿ ಮಾಡಿಕೊಟ್ಟವರು ಯಾರು? ನನ್ನಂಥ ಅಂಗಡಿಯವರೇ. ಅಡ್ಮಿಷನ್ ಅರ್ಜಿ ತುಂಬುವಾಗ ಗಡಿಬಿಡಿಯಲ್ಲಿ ಒಂದು ಐಡಿ ಮಾಡಿ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಿರುತ್ತೇವೆ. ಆ ಚೀಟಿ ಯಾವ ಮಳೆಗೆ ನೆನೆದು ಹೋಯಿತೋ. ಮಕ್ಕಳು ಆ ಇಮೇಲ್ ತೆರೆದೇ ಇಲ್ಲ. ಪಾಸ್‌ವರ್ಡು ಬಂದು ಅಲ್ಲೇ ಕೊಳೆಯುತ್ತಿದೆ.

ಸರಿ, ಕರೆಂಟ್ ಬಂತು. ಮೇಡಂ ನನ್ನ ಕಂಪ್ಯೂಟರಿನಲ್ಲೇ ತೋರಿಸಿದರು. ಆ ಮುಕ್ಕಾಲು ಗಂಟೆಯಲ್ಲಿ ನಾನು ಕಲಿತದ್ದನ್ನು ಯಾವ ಕಾಲೇಜೂ ತನ್ನ ಮಕ್ಕಳಿಗೆ ಕಲಿಸಬಹುದು. ಮಂಗನ ಕಾಯಿಲೆಯನ್ನೇ ಹುಡುಕಿದೆವು. ಮೊದಲು ನಾನು ಇಂಗ್ಲಿಷಿನಲ್ಲಿ ‘ಮಂಕಿ ಫೀವರ್ ಶಿವಮೊಗ್ಗ’ ಅಂತ ಹೊಡೆದೆ. ಬಂದದ್ದರಲ್ಲಿ ಎಲ್ಲೆಲ್ಲಿಯದೋ ಮಂಗ, ಎಲ್ಲೆಲ್ಲಿಯದೋ ಜ್ವರ. ಮೇಡಂ ಅಂದರು, ‘ಡೇಟಾಬೇಸಿಗೆ ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗಲ್ಲ. ಲೇಖನ ಬರೆದವರು ಆ ಕಾಯಿಲೆಗೆ ಏನಂತ ಕರೆದರೋ ನೀವೂ ಹಾಗೇ ಕರೀಬೇಕು.’ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಅಂತ ಹೊಡೆದು, ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕಿದರು. ಚಿಹ್ನೆ ಹಾಕಿದರೆ ಆ ಮೂರು ಪದ ಜೊತೆಯಲ್ಲೇ, ಅದೇ ಕ್ರಮದಲ್ಲಿ ಇರುವ ಲೇಖನ ಮಾತ್ರ ಬರುತ್ತವೆ. ಅಮೆರಿಕದ ವೈದ್ಯಕೀಯ ಗ್ರಂಥಾಲಯ ನಡೆಸುವ, ವೈದ್ಯಕೀಯ ಲೇಖನ ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಇದನ್ನು ಹಾಕಿದ್ದೇ ತಡ, ಪುಟಗಟ್ಟಲೆ ಬಂತು. ಪಬ್‌ಮೆಡ್‌ಗೆ ಲಾಗಿನ್ ಕೂಡ ಬೇಡ.

ಆಮೇಲೆ ಒಂದು ಮಜಾ ಆಯಿತು. ನಮ್ಮ ಜಿಲ್ಲೆಯದ್ದಷ್ಟೇ ಬೇಕು ಅಂತ ಜೊತೆಗೆ ‘ಶಿವಮೊಗ್ಗ’ ಸೇರಿಸಿದೆ. ಇತ್ತೀಚಿನವು ಮಾತ್ರ ಉಳಿದವು, ಹಳೆಯವು ಮಾಯ. ಯಾಕೆ ಹೇಳಿ? ನಮ್ಮ ಜಿಲ್ಲಾ ಕೇಂದ್ರದ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ಐವತ್ತು ಅರವತ್ತು ವರ್ಷದ ಸಂಶೋಧಕರೆಲ್ಲ ಬರೆದದ್ದು ‘ಶಿಮೋಗಾ’ ಅಂತ. ಇನ್ನೂ ಹಿಂದೆ ಹೋದರೆ ರಾಜ್ಯದ ಹೆಸರೇ ಕರ್ನಾಟಕ ಅಲ್ಲ, 1973ರವರೆಗೆ ಮೈಸೂರು. ಕ್ಯಾಸನೂರಿನ ಮೊದಲ ಲೇಖನಗಳೆಲ್ಲ ಮೈಸೂರು ರಾಜ್ಯದ ಲೇಖನಗಳು! ಹಾಗಾಗಿ ಎರಡೂ ಹೆಸರು ಬರೆದು ನಡುವೆ ಇಂಗ್ಲಿಷಿನ ‘ಆರ್’ ಅನ್ನುವ ಪದ ದೊಡ್ಡಕ್ಷರದಲ್ಲಿ ಹಾಕಬೇಕು. ಇದಾದರೂ ಸರಿ, ಅದಾದರೂ ಸರಿ ಅಂತ ಹೇಳಿದ ಹಾಗೆ. ಎರಡೂ ಇರಲೇಬೇಕು ಅಂದರೆ ‘ಆ್ಯಂಡ್’. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಸೊರಬ, ಶರಾವತಿ, ಮಲೆನಾಡು, ಯಾವುದನ್ನೇ ತೆಗೆದುಕೊಳ್ಳಿ, ಇಂಗ್ಲಿಷಿನಲ್ಲಿ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗು. ಈ ಪಾಠವನ್ನು ಬೆಂಗಳೂರಿನವರಿಗಿಂತ ನಾವೇ ಚೆನ್ನಾಗಿ ಹೇಳಿಕೊಡಬಹುದು.

ಸಿಕ್ಕಿದ್ದರಲ್ಲಿ ಒಂದು ಲೇಖನ 2013ರದು, ಪ್ಲಾಸ್ ಅನ್ನುವ ಸಂಸ್ಥೆಯ ಜರ್ನಲ್‌ನಲ್ಲಿ ಬಂದದ್ದು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಕರ್ನಾಟಕದಲ್ಲಿ 2005ರಿಂದ 2010ರವರೆಗೆ ಮಂಗನ ಕಾಯಿಲೆ ಲಸಿಕೆ ಎಷ್ಟು ಕೆಲಸ ಮಾಡಿತು ಅಂತ ಲೆಕ್ಕ ಹಾಕಿದ್ದಾರೆ. ಎರಡು ಡೋಸ್ ತೆಗೆದುಕೊಂಡವರಿಗೆ ಸುಮಾರು 62%, ಅದರ ಮೇಲೆ ಬೂಸ್ಟರ್ ಕೂಡ ತೆಗೆದುಕೊಂಡವರಿಗೆ ಸುಮಾರು 83% ರಕ್ಷಣೆ. ಆ ಹುಡುಗಿಯ 18 ಪುಟದಲ್ಲಿ ಲಸಿಕೆ ಬಗ್ಗೆ ಇದ್ದದ್ದು ಒಂದೇ ಸಾಲು. ‘ಇದಕ್ಕೆ 2022ರವರೆಗೆ ಲಸಿಕೆ ಕೊಡುತ್ತಿದ್ದರು.’ ಈ ಒಂದು ಲೇಖನದ ಮೊದಲ ಪುಟದ ಸಾರಾಂಶ ಓದಿದ್ದರೂ ಅವಳ ಅಸೈನ್‌ಮೆಂಟಿಗೆ ಜೀವ ಬರುತ್ತಿತ್ತು. ಅರಳಗೋಡಿನಲ್ಲಿ 2019ರಲ್ಲಿ ಜನ ಸತ್ತಾಗ ಇಡೀ ಸಾಗರ ತಾಲ್ಲೂಕು ಲಸಿಕೆ ಬಗ್ಗೆಯೇ ಮಾತಾಡುತ್ತಿತ್ತಲ್ಲ, ಆ ಮಾತಿಗೆ ಒಂದು ಬುಡ ಸಿಗುತ್ತಿತ್ತು.

ಇನ್ನೊಂದು ಉಪಾಯ ತೋರಿಸಿದರು, ನನಗೆ ಬಹಳ ಹಿಡಿಸಿದ್ದು ಅದೇ. ಒಂದು ಒಳ್ಳೆ ಲೇಖನ ಸಿಕ್ಕರೆ ಸಾಕಂತೆ. ಅದರ ಕೊನೆಯಲ್ಲಿ ಅವರ ರೆಫರೆನ್ಸ್ ಪಟ್ಟಿ ಇರುತ್ತದಲ್ಲ, ಅದನ್ನು ಹಿಡಿದು ಹಿಂದಕ್ಕೆ ಹೋಗಬಹುದು. ಗೂಗಲ್ ಸ್ಕಾಲರ್‌ನಲ್ಲಿ ಅದೇ ಲೇಖನದ ಕೆಳಗೆ ‘ಸೈಟೆಡ್ ಬೈ’ ಅಂತ ಇರುತ್ತದೆ, ಅದನ್ನು ಒತ್ತಿದರೆ ಈ ಲೇಖನವನ್ನು ಆಮೇಲೆ ಯಾರು ಯಾರು ಬಳಸಿಕೊಂಡರು ಅಂತ ಮುಂದಕ್ಕೆ ಹೋಗಬಹುದು. ಹಳ್ಳ ಹಿಡಿದು ಮೇಲೂ ಹತ್ತಬಹುದು, ಕೆಳಗೂ ಇಳಿಯಬಹುದು ಅಂದಂತೆ. ಅಂದ ಹಾಗೆ, ಗೂಗಲ್ ಬೇರೆ, ಗೂಗಲ್ ಸ್ಕಾಲರ್ ಬೇರೆ. 2004ರಿಂದ ಇರುವ ಈ ಎರಡನೇ ಗೂಗಲ್ಲಿನ ಹೆಸರನ್ನೇ ನನ್ನ ಅಂಗಡಿಗೆ ಬರುವ ಮಕ್ಕಳಲ್ಲಿ ಬಹಳ ಜನ ಕೇಳಿಲ್ಲ.

ಅಡಿಕೆಯ ಕೊಳೆರೋಗದ ಬಗ್ಗೆಯೂ ಹುಡುಕಿದೆವು, ಅದು ನನ್ನ ಸ್ವಂತ ಆಸೆಗೆ. ನಮ್ಮದು ಅರ್ಧ ಎಕರೆ ತೋಟ ಇದೆ. ಇಲ್ಲಿ ಸ್ಪೆಲ್ಲಿಂಗ್ ಆಟ ಇನ್ನೂ ಜೋರು. ಅಡಿಕೆಗೆ ಇಂಗ್ಲಿಷಿನಲ್ಲಿ ‘ಅರೆಕನಟ್’ ಅಂತ ಒಂದೇ ಪದವಾಗಿ ಬರೆದರೆ ಕೃಷಿಯವರ ಲೇಖನ ಜಾಸ್ತಿ ಬರುತ್ತವೆ. ‘ಅರೆಕಾ ನಟ್’ ಅಂತ ಬಿಡಿಸಿ ಬರೆದರೆ, ಅಥವಾ ‘ಬೀಟಲ್ ನಟ್’ ಅಂದರೆ ಮುಗಿಯಿತು, ಬರೀ ಬಾಯಿ ಕ್ಯಾನ್ಸರು. ಒಂದು ಜಾಗ ಬಿಟ್ಟದ್ದಕ್ಕೆ ತೋಟದಿಂದ ಆಸ್ಪತ್ರೆಗೆ ಹೋಗಿಬಿಡುತ್ತೇವೆ. ಅದಕ್ಕೇ ಗಿಡದ ಶಾಸ್ತ್ರೀಯ ಹೆಸರು ‘ಅರೆಕಾ ಕ್ಯಾಟೆಚು’ ಜೊತೆಗೆ ರೋಗದ ಹೆಸರು ಹಾಕಬೇಕು. ನಮ್ಮ ‘ಕೊಳೆರೋಗ’ ಅನ್ನುವ ಪದವೇ ಇಂಗ್ಲಿಷಿನ ವಿಜ್ಞಾನ ಲೇಖನಗಳಲ್ಲಿ ಹಾಗೇ ಇದೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಆದರೆ ಬರೀ ‘ಕೊಳೆರೋಗ’ ಅಂತ ಹಾಕಿದರೆ ಕಾಫಿಯ ಕೊಳೆರೋಗವೂ ಬಂದು ಸೇರಿಕೊಳ್ಳುತ್ತದೆ, ಚಿಕ್ಕಮಗಳೂರಿನವರದ್ದು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಬರೆದು, ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಿರಿ ಅಂದಿದ್ದರು. ನೂರು ವರ್ಷ ದಾಟಿದರೂ ಮಳೆ ಹಿಡಿಯುವ ಮೊದಲು ಮರ ಹತ್ತುವವರಿಗೆ ಕಾಯುತ್ತಾ ನಾವು ಹೊಡೆಸುತ್ತಿರುವುದು ಅದೇ ಬೋರ್ಡೋ. ಇದು ನನ್ನ ಕಾಗದದ ವಿಷಯ ಅಲ್ಲ, ಬಿಡಿ, ಆದರೆ ಅಡಿಕೆ ಬಗ್ಗೆ ಅಸೈನ್‌ಮೆಂಟ್ ಬರೆಯುವ ಮಲೆನಾಡಿನ ಹುಡುಗರಿಗೆ ಈ ಎಳೆ ಸಿಕ್ಕರೆ ಬಿಡುತ್ತಾರೆಯೇ?

ಕನ್ನಡ ಎಂ.ಎ. ಮಕ್ಕಳ ಕಷ್ಟ ಬೇರೆ. ಅವರಿಗೆ ಈ ಇಂಗ್ಲಿಷ್ ಜರ್ನಲ್ಲುಗಳು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಇರುವುದು ಶೋಧಗಂಗಾ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಅಲ್ಲಿ ಹಾಕಿದ್ದಾರೆ, ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ್ದೂ ಇವೆ. ಪುಕ್ಕಟೆ. ಆದರೆ ಹುಡುಕುವುದು ಹೇಗೆ? ಕೆಲವು ಕನ್ನಡ ಪ್ರಬಂಧಗಳ ಶೀರ್ಷಿಕೆ ಕನ್ನಡ ಲಿಪಿಯಲ್ಲಿದೆ, ಕೆಲವು ಇಂಗ್ಲಿಷ್ ಅಕ್ಷರದಲ್ಲಿ. ಎರಡೂ ಥರ ಹುಡುಕಬೇಕು. ಇನ್ನೊಂದು ತೊಂದರೆ ಡಿಟಿಪಿ ಮಾಡುವ ನನಗೆ ಚೆನ್ನಾಗಿ ಗೊತ್ತು. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್ ಬರುವ ಮುಂಚೆ ನಾವೆಲ್ಲ ‘ನುಡಿ’, ‘ಬರಹ’ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಹೊಡೆದ ಫೈಲುಗಳು ಕಣ್ಣಿಗೆ ಕನ್ನಡವಾಗಿ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಅವು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ ನೋಡಿ, ಗೊತ್ತಾಗುತ್ತದೆ. ಅಂಥ ಪ್ರಬಂಧದೊಳಗೆ ‘ಕಾಗೋಡು’ ಅಂತ ಹುಡುಕಿದರೆ ನೂರು ಸಲ ಕಾಗೋಡು ಇದ್ದರೂ ಇಲ್ಲ ಅನ್ನುತ್ತದೆ. ಆಗ ಒಂದೇ ದಾರಿ, ಪರಿವಿಡಿ ತೆಗೆದು ಅಧ್ಯಾಯ ನೋಡುವುದು. ಪುಸ್ತಕ ಓದುವ ಹಳೇ ಪದ್ಧತಿ.

ದುಡ್ಡಿನ ಬಗ್ಗೆಯೂ ಒಂದು ಮಾತು. ಒಬ್ಬ ಹುಡುಗ ಬಂದು ‘ಅಣ್ಣಾ, ನಿಮ್ಮ ಕಾರ್ಡ್‌ನಲ್ಲಿ ಡಾಲರ್ ಕಟ್ಟಬಹುದಾ?’ ಅಂತ ಕೇಳಿದ್ದ. ಒಂದು ಲೇಖನಕ್ಕೆ 30, 40 ಡಾಲರ್ ಕೇಳುತ್ತಾರೆ ಈ ಪ್ರಕಾಶಕರು! ನಮ್ಮಲ್ಲಿ ಒಂದು ತಿಂಗಳ ಬಸ್ ಪಾಸಿಗಿಂತ ಜಾಸ್ತಿ. ಕಟ್ಟಬೇಡಿ ಅಂತ ಎಲ್ಲ ಮಕ್ಕಳಿಗೂ ಹೇಳುತ್ತೇನೆ. ಮೊದಲು ಕಾಲೇಜಿನ ಲಾಗಿನ್‌ನಲ್ಲಿ ನೋಡಿ. ಇಲ್ಲದಿದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಆ ಲೇಖನದ ಕೆಳಗೆ ‘ಆಲ್ ವರ್ಷನ್ಸ್’ ಒತ್ತಿ, ಎಷ್ಟೋ ಸಲ ಅದೇ ಲೇಖನ ಲೇಖಕರ ವಿಶ್ವವಿದ್ಯಾಲಯದ ತಾಣದಲ್ಲಿ ಪುಕ್ಕಟೆ ಇರುತ್ತದೆ. ಅದೂ ಇಲ್ಲದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ, ಕಳಿಸುವವರು ಕಳಿಸುತ್ತಾರೆ. ಡಿಒಎಜೆ ಅಂತ ಒಂದು ಪಟ್ಟಿ ಇದೆ, ಅದರಲ್ಲಿರುವ ಜರ್ನಲ್ಲುಗಳೆಲ್ಲ ಉಚಿತವೇ. ಇದಕ್ಕೆ ಉಲ್ಟಾ, ದುಡ್ಡು ಕೊಟ್ಟರೆ ಮೂರೇ ದಿನದಲ್ಲಿ ಏನನ್ನು ಬೇಕಾದರೂ ಛಾಪಿಸುವ ಜರ್ನಲ್ಲುಗಳೂ ಇವೆ, ಅವುಗಳ ಜಾಹೀರಾತು ನನ್ನ ಫೋನಿಗೇ ಬರುತ್ತಿರುತ್ತದೆ. ಅಂಥದರಿಂದ ಎತ್ತಿದ ರೆಫರೆನ್ಸ್‌ಗಿಂತ ಯೂಟ್ಯೂಬೇ ಮೇಲು.

ಈಗ ಕಾಲೇಜಿನವರಿಗೆ ನನ್ನ ತಕರಾರು. ಮೇಷ್ಟ್ರು ‘ಕನಿಷ್ಠ 10 ರೆಫರೆನ್ಸ್ ಇರಬೇಕು’ ಅಂತ ಬೋರ್ಡಿನಲ್ಲಿ ಬರೆದು ಹೋಗುತ್ತಾರೆ. ಎಲ್ಲಿಂದ ತರಬೇಕು, ಹೇಗೆ ಹುಡುಕಬೇಕು, ಯಾರೂ ಹೇಳುವುದಿಲ್ಲ. ಹತ್ತು ಬೇಕು ಅಂದರೆ ಮಕ್ಕಳು ಹತ್ತು ತರುತ್ತಾರೆ, ಎಐ ಇಪ್ಪತ್ತು ಬೇಕಾದರೂ ಹುಟ್ಟಿಸಿ ಕೊಡುತ್ತದೆ. ಹತ್ತು ಬೇಡ, ಎರಡೇ ಕೇಳಿ. ಎರಡನ್ನೂ ಓದಿರಬೇಕು, ಮೊದಲ ಪುಟದ ಪ್ರಿಂಟ್ ಲಗತ್ತಿಸಬೇಕು, ಅದರಲ್ಲಿ ಏನಿದೆ ಅಂತ ಎದುರಿಗೆ ನಿಂತು ಎರಡು ಮಾತು ಹೇಳಬೇಕು ಅಂತ ಮಾಡಿ. ಇಂಗ್ಲಿಷ್ ಕಷ್ಟ ಅನ್ನುವ ಹುಡುಗನಿಗೂ ಎರಡು ಸಾರಾಂಶ ಓದುವುದು ಆಗದ ಕೆಲಸವಲ್ಲ, ಗೊತ್ತಿಲ್ಲದ ಪದಕ್ಕೆ ಫೋನ್ ಇದೆ.

ಲೈಬ್ರರಿಯ ವೇಳೆಯೂ ಹಾಗೇ. ಪಾಠ ಮುಗಿಯುವುದೂ ಲೈಬ್ರರಿ ಬಾಗಿಲು ಹಾಕುವುದೂ ಒಂದೇ ಹೊತ್ತಿಗೆ ಆದರೆ ಮಕ್ಕಳು ಒಳಗೆ ಹೋಗುವುದು ಯಾವಾಗ? ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಮಕ್ಕಳಿಗೆ 2025ರಲ್ಲಿ ಸೇತುವೆ ಆಗಿ ಲಾಂಚ್ ಕಾಯುವುದು ತಪ್ಪಿತು, ಬಸ್ಸು ಕಾಯುವುದು ತಪ್ಪಿಲ್ಲ. ಊರು ಮುಟ್ಟಿದ ಮೇಲೆ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಅಂಥವರಿಗೆ ಮನೆಯಿಂದಲೂ ಓದಬಹುದು ಅನ್ನುವ ಮಾತು ಬರೀ ಮಾತು. ಅವರು ಪಿಡಿಎಫ್ ಇಳಿಸಿಕೊಳ್ಳಬೇಕಾದದ್ದು ಪೇಟೆಯಲ್ಲಿ ಇರುವಾಗಲೇ, ಮಧ್ಯಾಹ್ನ ಊಟದ ಹೊತ್ತಿನಲ್ಲೋ, ಬಸ್ಸಿಗೆ ಕಾಯುವ ಆ ಒಂದು ಗಂಟೆಯಲ್ಲೋ. ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ರೀಲ್ಸ್ ನೋಡುತ್ತಾ ನಿಂತಿರುವ ಆ ಗಂಟೆಗೆ ಲೈಬ್ರರಿ ತೆರೆದಿದ್ದರೆ ಸಾಕು.

ಸೊರಬದ ಆ ಹುಡುಗಿ ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಬಂದಿದ್ದಳು. ಮೇಡಂ ಹತ್ತಿರ ಹೋಗಿ ಲಾಗಿನ್ ತೆಗೆದುಕೋ ಅಂತ ನಾನೇ ಕಳಿಸಿದ್ದೆ. ಈ ಸಲ 11 ಪುಟ. ನನಗೆ 7 ಪುಟ ನಷ್ಟ. ಕೊನೇ ಪುಟದಲ್ಲಿ ನಾಲ್ಕು ಲೇಖನ ಇದ್ದವು, ನಾಲ್ಕನ್ನೂ ನಾನು ಹುಡುಕಿ ನೋಡಿದೆ, ಹಾಳು ಅಭ್ಯಾಸ. ನಾಲ್ಕೂ ಇದ್ದವು. ‘ಸರ್ ಕೇಳಿದ್ರು ಅಣ್ಣಾ, ಇದೆಲ್ಲಿ ಸಿಕ್ತು ಅಂತ’ ಅಂದಳು.

ಜಿಲ್ಲೆಯ ಯಾವುದೇ ಕಾಲೇಜು ಹೊಸ ಮಕ್ಕಳು ಸೇರಿದ ಮೊದಲ ತಿಂಗಳಲ್ಲಿ ಇಂಥ ಒಂದು ಗಂಟೆಯ ಪಾಠ ಇಟ್ಟುಕೊಳ್ಳುವುದಾದರೆ, ಲಾಗಿನ್ ವಿಳಾಸ, ಹುಡುಕುವ ನಾಲ್ಕು ಉಪಾಯ, ಶಿವಮೊಗ್ಗದ ಎರಡೂ ಸ್ಪೆಲ್ಲಿಂಗು ಇರುವ ಚೀಟಿಯನ್ನು ಪ್ರಿಂಟ್ ಮಾಡಿಕೊಡುವುದು ನನ್ನ ಜವಾಬ್ದಾರಿ. ದುಡ್ಡು ಬೇಡ. ಎರಡು ದಿನ ಮುಂಚೆ ಹೇಳಿ ಅಷ್ಟೆ, ಕರೆಂಟ್ ನೋಡಿಕೊಂಡು ತೆಗೆಯಬೇಕು.

ಇಂತಿ,
ಒಬ್ಬ ಜೆರಾಕ್ಸ್ ಅಂಗಡಿಯವ
ಸಾಗರ, ಶಿವಮೊಗ್ಗ ಜಿಲ್ಲೆ